ಹೊರನಾಡಿನಲ್ಲಿ ಭೌತವಿಜ್ಞಾನ ವ್ಯಾಸಂಗ: ನಡೆದ ದಾರಿ, ಉಳಿದ ಕೊರತೆ

ಭಾರತೀಯರ ವಿದೇಶ ವ್ಯಾಸಂಗವನ್ನು ಕುರಿತ ಬರವಣಿಗೆ ಬಹುಕಾಲದಿಂದ ಎರಡೇ ಧಾಟಿಯಲ್ಲಿ ನಡೆದಿದೆ. ಹಿಂದೆ ‘ಪ್ರತಿಭಾ ಪಲಾಯನ’ ಎಂಬ ಕೊರಗಿತ್ತು. ಈಗ ಎಷ್ಟು ಲಕ್ಷ ಸಾಲ ಮಾಡಬೇಕು, ಎಷ್ಟು ವರ್ಷದಲ್ಲಿ ತೀರಿಸಬಹುದು ಎಂಬ ಲೆಕ್ಕಾಚಾರ ಬಂದಿದೆ. ಭೌತವಿಜ್ಞಾನದ ಮಟ್ಟಿಗೆ ಇವೆರಡೂ ದಾರಿ ತಪ್ಪಿಸುವ ಮಾತುಗಳು. ಈ ಶಾಸ್ತ್ರವನ್ನು ಅರಸಿ ಹೊರಟವರಿಗೆ ಹಣ ಒದಗಿದ ಬಗೆ, ಅಲ್ಲಿ ಅವರು ಪಳಗಿದ ಬಗೆ, ಮರಳಿದವರಿಗೆ ಇಲ್ಲಿ ನೆಲೆ ದೊರೆತ ಬಗೆ, ಇವೆಲ್ಲ ಎಂಜಿನಿಯರಿಂಗ್ ಅಥವಾ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳ ವೃತ್ತಾಂತದಿಂದ ತೀರ ಬೇರೆಯಾಗಿವೆ.

ಮೊದಲ ಘಟ್ಟ ಸುಪರಿಚಿತ. 1880ರ ದಶಕದಲ್ಲಿ ಜಗದೀಶಚಂದ್ರ ಬೋಸ್ ಕೇಂಬ್ರಿಜ್‌ನಲ್ಲಿ ಲಾರ್ಡ್ ರ‍್ಯಾಲೆಯವರಿಂದ ಪಾಠ ಕೇಳಿದರು. ಮೇಘನಾದ ಸಾಹಾ 1920ರ ಸುಮಾರಿಗೆ ಲಂಡನ್ನಿನಲ್ಲಿ ಆಲ್ಫ್ರೆಡ್ ಫೌಲರ್ ಅವರ ಪ್ರಯೋಗಶಾಲೆಯಲ್ಲೂ ಬಳಿಕ ಬರ್ಲಿನ್ನಿನಲ್ಲೂ ಕೆಲಸ ಮಾಡಿದರೆ, ಸತ್ಯೇಂದ್ರನಾಥ ಬೋಸ್ 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಿಂದ ರಜೆ ಪಡೆದು ಪ್ಯಾರಿಸ್ಸಿಗೂ ಅಲ್ಲಿಂದ ಬರ್ಲಿನ್ನಿಗೂ ಹೋದರು. ಇವರಿಬ್ಬರೂ ಹೊರಟಾಗ ವಿದ್ಯಾರ್ಥಿಗಳಾಗಿರದೆ ಸ್ವಂತ ಸಂಶೋಧನೆಯುಳ್ಳ ವಿದ್ವಾಂಸರಾಗಿದ್ದರು ಎಂಬುದನ್ನು ಮರೆಯಲಾಗದು. ಸಿ.ವಿ. ರಾಮನ್ ಅವರಂತೂ ವಿದೇಶದಲ್ಲಿ ಓದದೆಯೇ 1930ರ ನೊಬೆಲ್ ಪಡೆದರು. ಅದೇ ವರ್ಷ ಅವರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ಗೆ ಹಡಗು ಹತ್ತಿದರು. ಆ ಕಾಲಕ್ಕೆ ಹಣದ ಮೂಲಗಳೆಂದರೆ ಸರ್ಕಾರ ಕೊಡುತ್ತಿದ್ದ ಕೆಲವೇ ವೇತನಗಳು, 1892ರಲ್ಲಿ ಜಮಶೇಟ್‌ಜಿ ಟಾಟಾ ಸ್ಥಾಪಿಸಿದ ದತ್ತಿ, ಇಲ್ಲವೇ ಮನೆತನದ ಸಂಪತ್ತು. ಹೀಗಾಗಿ ಹೊರಟವರ ಸಂಖ್ಯೆ ಅತ್ಯಲ್ಪವಾಗಿತ್ತು.

ಬೆಂಗಳೂರು ಈ ಕಥೆಯೊಳಗೆ ಬಂದದ್ದು ಯುದ್ಧದ ನಿಮಿತ್ತದಿಂದ. 1939ರಲ್ಲಿ ಕೇಂಬ್ರಿಜ್‌ನಿಂದ ರಜೆಗೆ ಬಂದಿದ್ದ ಹೋಮಿ ಭಾಭಾ ಯುದ್ಧದಿಂದಾಗಿ ಹಿಂತಿರುಗಲಾರದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ವಿಭಾಗವನ್ನು ಸೇರಿ, ಅಂತರಿಕ್ಷದಿಂದ ಭೂಮಿಗೆ ಎರಗುವ ಅಧಿಕ ಶಕ್ತಿಯ ಕಣಗಳಾದ ವಿಶ್ವಕಿರಣಗಳ ಅಧ್ಯಯನಕ್ಕೆ ತೊಡಗಿದರು. ವಿಕ್ರಮ್ ಸಾರಾಭಾಯ್ ಕೂಡ ಇಲ್ಲಿಯೇ ಅದೇ ವಿಷಯದಲ್ಲಿ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ಗೆ ಮರಳಿ ಡಾಕ್ಟರೇಟ್ ಪೂರೈಸಿದರು. ತಿಪಟೂರಿನಲ್ಲಿ ಹುಟ್ಟಿದ ರಾಜಾರಾಮಣ್ಣ ಟಾಟಾ ದತ್ತಿಯ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪರಮಾಣು ಬೀಜ ವಿಜ್ಞಾನ ಓದಿ 1949ರಲ್ಲಿ, ಭಾಭಾ ಅಷ್ಟರಲ್ಲಿ ಸ್ಥಾಪಿಸಿದ್ದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಬಂದರು. ರಾಮನ್ ಅವರ ಬಳಿ ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಅಭ್ಯಸಿಸಿದ ಅಣ್ಣಾ ಮಣಿಯವರ ಪ್ರಸಂಗ ಇವುಗಳಿಗಿಂತ ಹೆಚ್ಚು ಕಲಿಸುತ್ತದೆ. ಅವರ ಪ್ರಬಂಧ ಸಿದ್ಧವಾಗಿದ್ದರೂ ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. 1945ರಲ್ಲಿ ಲಂಡನ್ನಿಗೆ ಹೋದಾಗ ಅವರ ಪಾಲಿಗೆ ಬಂದದ್ದು ಭೌತವಿಜ್ಞಾನವಲ್ಲ, ಹವಾಮಾನ ಉಪಕರಣಗಳ ಅಧ್ಯಯನ. ಆ ಕ್ಷೇತ್ರದಲ್ಲಿ ಅವರು ಮುಂದೆ ದೇಶಕ್ಕೇ ಆಧಾರವಾದರು ಎಂಬುದು ನಿಜ. ಆದರೆ ವಿದ್ಯೆಯಿದ್ದೂ ಕಾಗದವಿಲ್ಲದವರಿಗೆ ಬಾಗಿಲು ಮುಚ್ಚುವ ಪದ್ಧತಿ ಆಗಲೇ ಬೇರೂರಿತ್ತೆಂಬುದೂ ಅಷ್ಟೇ ನಿಜ.

ನಿಜವಾದ ತಿರುವು ಬಂದದ್ದು 1957ರ ಬಳಿಕ. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕ ವಿಜ್ಞಾನ ಶಿಕ್ಷಣಕ್ಕೆ ಧಾರಾಳವಾಗಿ ಹಣ ಹರಿಸಿತು. ಅಲ್ಲಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಭೌತವಿಜ್ಞಾನ ವಿಭಾಗಗಳು ಹಿಗ್ಗಿದವು. ಎಂಜಿನಿಯರಿಂಗ್ ಓದುವವರಿಗೂ ವೈದ್ಯಕೀಯಕ್ಕೆ ಸಿದ್ಧರಾಗುವವರಿಗೂ ಆರಂಭದ ವರ್ಷಗಳಲ್ಲಿ ಭೌತವಿಜ್ಞಾನ ಓದಲೇಬೇಕಾದ್ದರಿಂದ ಅವರಿಗೆ ಪ್ರಾಕ್ಟಿಕಲ್ ಮಾಡಿಸುವ, ಉತ್ತರಪತ್ರಿಕೆ ತಿದ್ದುವ ಕೈಗಳು ಬೇಕಾದವು. ಪಿಎಚ್‌ಡಿಗೆ ಸೇರಿದ ವಿದ್ಯಾರ್ಥಿಯೇ ವಾರಕ್ಕೆ ಸುಮಾರು 20 ಗಂಟೆ ಈ ಕೆಲಸ ಮಾಡಬೇಕು, ಪ್ರತಿಯಾಗಿ ವಿಭಾಗ ಅವನ ಬೋಧನಾ ಶುಲ್ಕವನ್ನು ಮನ್ನಾ ಮಾಡಿ ಊಟ ವಸತಿಗೆ ಸಾಲುವಷ್ಟು ಸಂಬಳ ಕೊಡಬೇಕು ಎಂಬ ಏರ್ಪಾಟೇ ಟೀಚಿಂಗ್ ಅಸಿಸ್ಟೆಂಟ್‌ಶಿಪ್. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಎಂಎಸ್ಸಿ ಮುಗಿಸಿದ ಶಾಲಾ ಮೇಷ್ಟರ, ಗುಮಾಸ್ತರ, ಸಣ್ಣ ಹಿಡುವಳಿದಾರರ ಮಕ್ಕಳಿಗೆ ಈ ಶಾಸ್ತ್ರದ ಮುಂಚೂಣಿಯನ್ನು ತೆರೆದುಕೊಟ್ಟದ್ದು ಈ ಒಂದು ಏರ್ಪಾಟು. ಇದಕ್ಕೆ ಸಮನಾದ ಸಾಮಾಜಿಕ ಪರಿಣಾಮವನ್ನು ಬೇರಾವ ವಿದ್ಯಾರ್ಥಿವೇತನವೂ ಮಾಡಿಲ್ಲ. ವಿದೇಶಿ ವಿನಿಮಯದ ಬಿಗಿಯಿದ್ದ ಆ ದಿನಗಳಲ್ಲಿ, ಒಂದು ಅವಧಿಯಲ್ಲಿ, ಪ್ರಯಾಣಿಕರಿಗೆ ಒಯ್ಯಲು ಸಿಗುತ್ತಿದ್ದದ್ದು ಎಂಟೇ ಡಾಲರ್. ಅರ್ಜಿ ಶುಲ್ಕ ಕಳಿಸಲಾಗದೆ ವಿನಾಯಿತಿ ಕೋರಿ ಬರೆದ ಪತ್ರಗಳನ್ನು ಅನೇಕ ವಿಭಾಗಗಳು ಮನ್ನಿಸಿದವು.

ಈ ಏರ್ಪಾಟು ಕಲಿಸಿದ ವಿದ್ಯೆಯೂ ಹೊಸದೇ ಆಗಿತ್ತು. ಇಲ್ಲಿಯ ಬಿಎಸ್ಸಿ ಪ್ರಾಕ್ಟಿಕಲ್‌ನಲ್ಲಿ ಕಾಂಪೌಂಡ್ ಪೆಂಡ್ಯುಲಮ್ ತೂಗಿ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಿದವನು ಉತ್ತರ 9.8ರ ಹತ್ತಿರ ಬಂದರೆ ನಿಶ್ಚಿಂತನಾಗಿ ರೆಕಾರ್ಡ್ ಬುಕ್ಕಿಗೆ ಸಹಿ ಪಡೆಯುತ್ತಿದ್ದ. ಬರದಿದ್ದರೆ ಅಳತೆಯನ್ನೇ ಉತ್ತರಕ್ಕೆ ಹೊಂದಿಸುವ ಜಾಣ್ಮೆ ಎಲ್ಲರಿಗೂ ಗೊತ್ತಿತ್ತು. ಅದೇ ವಿದ್ಯಾರ್ಥಿ ಅಮೆರಿಕದ ಪ್ರಯೋಗಶಾಲೆಯಲ್ಲಿ ಹುಡುಗರ ಗುಂಪಿನ ಮುಂದೆ ನಿಂತಾಗ, ಉತ್ತರಕ್ಕಿಂತ ಅದರ ದೋಷವೆಷ್ಟು, ಆ ದೋಷ ಉದ್ದದ ಅಳತೆಯಿಂದ ಬಂತೇ ಕಾಲದ ಅಳತೆಯಿಂದ ಬಂತೇ ಎಂಬುದನ್ನು ವಿವರಿಸಬೇಕಾಗುತ್ತಿತ್ತು. ಜೊತೆಗೆ ಎಂಎಸ್ಸಿಯಲ್ಲಿ ಓದಿದ್ದನ್ನೇ ಗೋಲ್ಡ್‌ಸ್ಟೈನ್, ಜಾಕ್ಸನ್ ಪುಸ್ತಕಗಳ ಲೆಕ್ಕಗಳ ಮೂಲಕ ಮತ್ತೆ ಓದಿ, ಕ್ವಾಲಿಫೈಯರ್ ಎಂಬ ಅರ್ಹತಾ ಪರೀಕ್ಷೆಯನ್ನು ದಾಟಬೇಕಿತ್ತು. ಕೊಟ್ಟ ಅವಕಾಶಗಳಲ್ಲಿ ಅದರಲ್ಲಿ ತೇರ್ಗಡೆಯಾಗದವರು ಸ್ನಾತಕೋತ್ತರ ಪದವಿಗೆ ತೃಪ್ತರಾಗಬೇಕಿತ್ತು.

ಈ ಪೀಳಿಗೆಯನ್ನು ಪಲಾಯನದ ಪೀಳಿಗೆ ಎನ್ನುವವರು ಮರಳಿದವರ ಕೆಲಸವನ್ನು ನೋಡಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು, ತಾವು ಮೊದಲಿದ್ದ ನ್ಯಾಷನಲ್ ಕಾಲೇಜಿಗೇ ಹಿಂತಿರುಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಕೇಂಬ್ರಿಜ್‌ನಲ್ಲಿ ಪಳಗಿದ ಎಸ್. ಚಂದ್ರಶೇಖರ್ (ಮೇಲೆ ಹೇಳಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅಲ್ಲ, ಅದೇ ಹೆಸರಿನ ಇನ್ನೊಬ್ಬರು) 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿ ಬಂದು ದ್ರವ ಸ್ಫಟಿಕಗಳ ಅಧ್ಯಯನಕ್ಕೆ ಅಲ್ಲಿ ನೆಲೆ ಒದಗಿಸಿದರು. ಮುಂದೆ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಅವರ ತಂಡ 1977ರಲ್ಲಿ, ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ತೋರಿಸಿತು. ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಜಗತ್ತಿನ ಮಟ್ಟದ ಪ್ರಯೋಗ ನಡೆಯಬಲ್ಲದೆಂಬುದಕ್ಕೆ ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಆ ದಶಕಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಮೈಸೂರು ವಿಶ್ವವಿದ್ಯಾಲಯದಲ್ಲೇ ಓದಿದ ಸಿ.ವಿ. ವಿಶ್ವೇಶ್ವರ ಕೊಲಂಬಿಯಾ ಮೂಲಕ ಮೇರಿಲೆಂಡ್ ವಿಶ್ವವಿದ್ಯಾಲಯ ಸೇರಿ ಚಾರ್ಲ್ಸ್ ಮಿಸ್ನರ್ ಅವರ ಬಳಿ ಎತ್ತಿಕೊಂಡ ಪ್ರಶ್ನೆ, ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಉಳಿದೀತೇ ಚೆದುರೀತೇ ಎಂಬುದು. ಉಳಿಯುತ್ತದೆ ಎಂದು ತೋರಿಸಿದ ಅವರು 1970ರಲ್ಲಿ, ಗುರುತ್ವ ಅಲೆ ಬಡಿದ ಕಪ್ಪುಕುಳಿಯು ತನ್ನ ರಾಶಿಗೆ ತಕ್ಕ ಆವರ್ತದಲ್ಲಿ, ಕ್ರಮೇಣ ಕುಗ್ಗುತ್ತ, ಮಿಡಿಯುತ್ತದೆಂದು ಲೆಕ್ಕದಿಂದ ಕಂಡುಕೊಂಡರು. 2015ರಲ್ಲಿ ಲೈಗೋ ವೀಕ್ಷಣಾಲಯಗಳು ಮೊದಲ ಬಾರಿ ಗುರುತ್ವ ಅಲೆಯನ್ನು ಹಿಡಿದಾಗ ಆ ಸಂಕೇತದ ಕೊನೆಯ ಭಾಗ ಈ ಮಿಡಿತಕ್ಕೆ ಹೊಂದಿಕೊಂಡಿತ್ತು. ಬೆಂಗಳೂರಿಗೆ ಮರಳಿ ಸಂಶೋಧನೆ ಮುಂದುವರಿಸಿದ ಅವರು ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಆದರು. ಕನ್ನಡದ ವಿಜ್ಞಾನ ಬರವಣಿಗೆ ಅವರಿಗೆ ಸಲ್ಲಬೇಕಾದಷ್ಟು ಸ್ಥಳ ಇನ್ನೂ ಕೊಟ್ಟಿಲ್ಲ.

ಇತ್ತೀಚಿನ ದಶಕಗಳಲ್ಲಿ ನಕ್ಷೆ ಬದಲಾಗಿದೆ. 2006ರಿಂದ ಐಸರ್‌ಗಳು (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು), 2011ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿ ಬಂದು, ವಿದೇಶಕ್ಕೆ ಹೊರಡುವವರ ಒಂದು ಹೊಸ ತವರು ಸಿದ್ಧವಾಗಿದೆ. ಯುರೋಪಿನತ್ತ ಒಲವು ಬೆಳೆದಿದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸಿದೆ, ವೀಸಾಕ್ಕೆ ಮುನ್ನ ಒಂದು ವರ್ಷದ ಜೀವನವೆಚ್ಚವಾಗಿ 2024ರ ದರದಂತೆ 11,904 ಯೂರೋಗಳನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಇರಿಸಿ ತೋರಿಸಬೇಕು. ಇಂಗ್ಲೆಂಡಿನ ಒಂದು ವರ್ಷದ ಸ್ನಾತಕೋತ್ತರ ಪದವಿ ಬಹುಪಾಲು ಶುಲ್ಕ ತೆತ್ತು ಪಡೆಯುವಂಥದು. ಕನ್ಸಲ್ಟೆನ್ಸಿಗಳ ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ಈ ಬಗೆಯ ಪದವಿಗಳೇ. ಭೌತವಿಜ್ಞಾನದ ಪಿಎಚ್‌ಡಿಗೆ ಸಾಮಾನ್ಯವಾಗಿ ವಿದ್ಯಾರ್ಥಿ ಹಣ ಕೊಡುವುದಿಲ್ಲ, ಪಡೆಯುತ್ತಾನೆ ಎಂಬ ಸಂಗತಿ ಜಿಲ್ಲಾ ಕೇಂದ್ರದ ಕಾಲೇಜಿನ ಬಿಎಸ್ಸಿ ತರಗತಿಯನ್ನು ಇಂದಿಗೂ ಸರಿಯಾಗಿ ತಲುಪಿಲ್ಲ. ತಲುಪಿಸುವ ಹೊಣೆ ವಿಶ್ವವಿದ್ಯಾಲಯ ವಿಭಾಗಗಳದು. ತಮ್ಮಿಂದ ಹೊರಟವರು ಎಲ್ಲಿಗೆ ಹೋದರು, ಯಾರ ನೆರವಿನಿಂದ ಓದಿದರು ಎಂಬ ದಾಖಲೆ ಇಟ್ಟಿರುವ ವಿಭಾಗಗಳು ವಿರಳ.

ಇದಕ್ಕಿಂತ ದೊಡ್ಡ ತೊಡಕು ಪದವಿಯ ರಚನೆಯಲ್ಲಿದೆ. ಅಮೆರಿಕದ ಅನೇಕ ವಿಭಾಗಗಳು ನಾಲ್ಕು ವರ್ಷದ ಪದವಿಯನ್ನು ನಿರೀಕ್ಷಿಸುತ್ತವೆ. ಯುರೋಪಿನಲ್ಲಿ ಮೂರು ವರ್ಷ ಸಾಕಾದರೂ, ಆ ಮೂರು ವರ್ಷವೂ ಮುಖ್ಯವಾಗಿ ಭೌತವಿಜ್ಞಾನ ಮತ್ತು ಗಣಿತಕ್ಕೇ ಮೀಸಲಾಗಿರಬೇಕು. ಕರ್ನಾಟಕದ ಪಿಸಿಎಂ ಪದವಿಯಲ್ಲಿ ಅವುಗಳೊಡನೆ ರಸಾಯನವಿಜ್ಞಾನವೂ ಸಮಪಾಲು ಪಡೆಯುವುದರಿಂದ ಕ್ವಾಂಟಮ್ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್‌ಗಳಿಗೆ ಸಿಗುವ ಗಂಟೆಗಳು ಅಲ್ಲಿಯ ಕ್ರೆಡಿಟ್ ಲೆಕ್ಕಕ್ಕೆ ಸಾಲುವುದಿಲ್ಲ. ರಾಜ್ಯ 2021–22ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ತಂದು 2024–25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದಾಗ ನಡೆದ ಚರ್ಚೆ ಖರ್ಚು, ಹಾಜರಾತಿ ಮತ್ತು ರಾಜಕೀಯದ ಸುತ್ತ ತಿರುಗಿತೇ ಹೊರತು, ಸರ್ಕಾರಿ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳ ಅಂಕಪಟ್ಟಿಯನ್ನು ಹೊರದೇಶದ ಪ್ರವೇಶ ಸಮಿತಿ ಹೇಗೆ ಓದುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ತಕ್ಕ ಜಾಗ ಸಿಗಲಿಲ್ಲ. ಐಸರ್‌ನಲ್ಲಿ ಓದಿದವಳಿಗೆ ಈ ಪ್ರಶ್ನೆ ಏಳುವುದಿಲ್ಲ. ಚಿತ್ರದುರ್ಗ, ಶಿರಸಿ, ರಾಯಚೂರುಗಳಲ್ಲಿ ಓದುವವಳು ಇನ್ನೆರಡು ವರ್ಷ ಎಂಎಸ್ಸಿ ಮುಗಿಸಿದ ಮೇಲೆಯೇ ಅರ್ಜಿ ಹಾಕಬೇಕು. ಆ ಎರಡು ವರ್ಷಗಳ ಖರ್ಚನ್ನೂ ಆಗಿನ ಮನೆಯ ಒತ್ತಡವನ್ನೂ ತಡೆದುಕೊಳ್ಳಲಾಗದವರು ಅರ್ಜಿಯ ಹಂತಕ್ಕೇ ಬರುವುದಿಲ್ಲ.