ಹೇಮಕೂಟ, ಗಾಣಗಿತ್ತಿ ಗುಡಿ ಮತ್ತು ಶಾಸನದ ಸಾಕ್ಷ್ಯ

ಧರ್ಮಗ್ರಂಥವನ್ನು ಉಳಿಸದೆ ಮರೆಯಾದ ಆರಾಧನಾ ಪಂಥವನ್ನು ಅರಿಯಲು ಪುರಾತತ್ತ್ವವೇ ಮುಖ್ಯ ಆಧಾರ. ರೋಮನ್ ಸಾಮ್ರಾಜ್ಯದ ಮಿತ್ರಾಸ್ ಪಂಥ ಇದಕ್ಕೆ ಪ್ರಸಿದ್ಧ ನಿದರ್ಶನ. ಗುಹೆಯಂತಹ ಆರಾಧನಾ ಮಂದಿರಗಳು, ದೇವನು ಹೋರಿಯನ್ನು ವಧಿಸುವ ಉಬ್ಬುಶಿಲ್ಪಗಳು, ಸೈನಿಕರೂ ವರ್ತಕರೂ ಬರೆಸಿದ ಹರಕೆಯ ಶಾಸನಗಳು ಮಾತ್ರ ಅದರ ಕಥೆಯನ್ನು ಹೇಳುತ್ತವೆ. ಫ್ರಾನ್ಸ್ ಕ್ಯುಮೋಂ ಈ ಶಿಲ್ಪಗಳನ್ನು ಇರಾನಿನ ಪುರಾಣಗಳ ಬೆಳಕಿನಲ್ಲಿ ವ್ಯಾಖ್ಯಾನಿಸಿದರು. ಆ ವ್ಯಾಖ್ಯಾನವನ್ನು 1971ರ ಮ್ಯಾಂಚೆಸ್ಟರ್ ಸಮ್ಮೇಳನದಲ್ಲಿ ವಿದ್ವಾಂಸರು ಪ್ರಶ್ನಿಸಿದರು. ಮೇಲ್ನೋಟದ ಹೋಲಿಕೆಯೇ ಸಾಕ್ಷ್ಯವಾಗದು ಎಂಬುದು ಇಲ್ಲಿನ ಪಾಠ. ಹಂಪೆಯ ಗುಡಿಗಳೂ ಇದನ್ನೇ ಹೇಳುತ್ತವೆ.

ಹೇಮಕೂಟದ ಮೇಲಿನ ತ್ರಿಕೂಟ ಗುಡಿಗಳಿಗೆ ಮೆಟ್ಟಿಲುಮೆಟ್ಟಿಲಾಗಿ ಕಿರಿದಾಗುವ ಶಿಖರಗಳಿವೆ. ಈ ಆಕಾರವನ್ನು ಕಂಡು ಅವನ್ನು ಬಹುಕಾಲ ಜಿನಾಲಯಗಳೆಂದೇ ಕರೆಯಲಾಯಿತು. ಆದರೆ ಅಲ್ಲಿನ ಒಂದು ಗುಡಿಯ ಶಾಸನವು ಮುಮ್ಮಡಿ ಸಿಂಗೆಯ ನಾಯಕನ ಮಗನಾದ ಕಂಪಿಲದೇವನು ಶಿವಾಲಯವನ್ನು ಕಟ್ಟಿಸಿ ಲಿಂಗಗಳನ್ನು ಪ್ರತಿಷ್ಠಾಪಿಸಿದನೆಂದು ತಿಳಿಸುತ್ತದೆ. ಕಂಪ್ಲಿಯ ಹೆಸರಿನೊಡನೆ ಬೆಸೆದುಕೊಂಡಿರುವ ಈ ಅರಸ 1327ರಲ್ಲಿ ದೆಹಲಿಯ ಸೇನೆಯೆದುರು ಮಡಿದನು. ವಿಜಯನಗರದ ಉದಯಕ್ಕೆ ಮೊದಲೇ ಹೇಮಕೂಟದಲ್ಲಿ ನೆಲೆಗೊಂಡಿದ್ದ ಶಿವಾರಾಧನೆಗೆ ಇದು ಸಾಕ್ಷಿ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿರುವ ಗಾಣಗಿತ್ತಿ ಗುಡಿಯ ಕಥೆ ಇದಕ್ಕೆ ತದ್ವಿರುದ್ಧ. ಜನರ ಬಾಯಲ್ಲಿ ಉಳಿದದ್ದು ಎಣ್ಣೆ ತೆಗೆಯುವ ಹೆಂಗಸಿನ ಹೆಸರು. ಗುಡಿಯ ಮುಂದಿನ ಏಕಶಿಲಾ ದೀಪಸ್ತಂಭದ ಸಂಸ್ಕೃತ ಶಾಸನವಾದರೋ ಬೇರೆಯೇ ಹೆಸರುಗಳನ್ನು ಕಾಪಾಡಿಕೊಂಡಿದೆ. ಶಕ 1307ರ ಫಾಲ್ಗುಣದಲ್ಲಿ, ಎಂದರೆ ಕ್ರಿ.ಶ. 1386ರಲ್ಲಿ, ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಕುಂಥುನಾಥ ತೀರ್ಥಂಕರನಿಗೆ ಈ ಶಿಲಾಮಯ ಚೈತ್ಯಾಲಯವನ್ನು ಕಟ್ಟಿಸಿದನು. 'ನಾನಾರ್ಥರತ್ನಮಾಲೆ' ಎಂಬ ನಿಘಂಟನ್ನು ರಚಿಸಿದವನೂ ಇವನೇ. ಗುರು ಸಿಂಹನಂದಿ, ಮೂಲಸಂಘ, ಬಲಾತ್ಕಾರಗಣ, ಸರಸ್ವತೀಗಚ್ಛಗಳ ಪರಂಪರೆಯೂ ಶಾಸನದಲ್ಲಿದೆ. ಮುಂದೆ 1426ರಲ್ಲಿ ಇಮ್ಮಡಿ ದೇವರಾಯನೇ ಪಾನ್‌ಸುಪಾರಿ ಬೀದಿಯಲ್ಲಿ ಪಾರ್ಶ್ವನಾಥನಿಗೆ ಚೈತ್ಯಾಲಯವನ್ನು ಕಟ್ಟಿಸಿದುದನ್ನು ಇನ್ನೊಂದು ಶಾಸನ ಹೇಳುತ್ತದೆ.

ಗಾಣಗಿತ್ತಿ ಗುಡಿಯ ಶಿಖರವೂ ಹೇಮಕೂಟದ ಗುಡಿಗಳಂತೆ ಮೆಟ್ಟಿಲಾಕಾರದ್ದೇ. ಒಂದು ಶಿವಾಲಯ, ಇನ್ನೊಂದು ಜಿನಾಲಯ. ಹಾಗಾಗಿ ಆ ಶಿಖರ ಒಂದು ಪ್ರದೇಶದ ಶಿಲ್ಪಿಗಳ ರೂಢಿಯೇ ಹೊರತು ಒಂದು ಮತದ ಲಾಂಛನವಲ್ಲ. ಹೇಮಕೂಟದಲ್ಲಿ ಆಕಾರವು ಇಲ್ಲದ ಜಿನಾಲಯಗಳನ್ನು ತೋರಿಸಿತು. ಕಂಪ್ಲಿಯ ದಾರಿಯಲ್ಲಿ ಜನರ ನೆನಪು ಇದ್ದ ಜಿನಾಲಯವನ್ನು ಮರೆಸಿತು. ಎರಡು ತಪ್ಪುಗಳನ್ನೂ ತಿದ್ದಿದ್ದು ಶಾಸನ. ಹಂಪೆಯ ಜೈನ ಪರಂಪರೆಯನ್ನು ಸ್ಥಾಪಿಸಲು ಹೇಮಕೂಟದ ಶಿಖರಗಳ ಸಾಲ ಬೇಕಿಲ್ಲ. ಇರುಗಪ್ಪನ ಒಂದು ಕಂಬವೇ ಸಾಕು.