ಗೋವಾದ ಮಧ್ಯಾಹ್ನದ ನಿದ್ದೆಯೂ ನಮ್ಮ ಕೂರಿಗೆ ಲೆಕ್ಕವೂ

ಊರ ಕಡೆಯಿಂದ ಹೊಸದಾಗಿ ಗೋವಾಕ್ಕೆ ಬಂದವರು ಒಂದು ವಾರದೊಳಗೆ ಹೇಳುವ ಮಾತು: "ಇಲ್ಲಿಯವರು ಭಾಳ ಆಲಸಿ ಬಿಡ್ರಿ, ಒಂದು ಗಂಟೆಗೆ ಅಂಗಡಿ ಬಾಗಿಲು ಹಾಕಿ ಮಲಗತಾರ!" ಮಡಗಾಂವ್, ಮಾಪುಸಾದ ಹಳೆಯ ಅಂಗಡಿಗಳಲ್ಲಿ ಹಲವು ಈಗಲೂ ಒಂದರಿಂದ ಮೂರೂವರೆ, ನಾಲ್ಕರವರೆಗೆ ಮುಚ್ಚಿರುತ್ತವೆ ಎಂಬುದು ನಿಜ. ಆಲಸ್ಯ ಎಂಬುದನ್ನು ಮಾತ್ರ ನಾವು ಒಪ್ಪುವುದಿಲ್ಲ.

ಗೋವಾದವರು ತಮ್ಮ ನಿಧಾನದ ಬದುಕಿಗೆ 'ಸುಶೆಗಾದ್' ಅನ್ನುತ್ತಾರೆ. ಅದು 'ನೆಮ್ಮದಿಯ' ಎಂಬರ್ಥದ ಪೋರ್ಚುಗೀಸ್ ಪದದಿಂದ ಬಂದದ್ದು. ಮಧ್ಯಾಹ್ನದ ನಿದ್ದೆಗೆ ಪೋರ್ಚುಗೀಸರು ಹೇಳುವ 'ಸೆಸ್ತಾ' ಇನ್ನೂ ಹಳೆಯದು. ಲ್ಯಾಟಿನ್ನಿನಲ್ಲಿ ಸೂರ್ಯೋದಯದಿಂದ ಎಣಿಸಿದ ಆರನೆಯ ಗಂಟೆ, ಅಂದರೆ ನಡುಹಗಲು. 1510ರಿಂದ 1961ರವರೆಗೆ ಆಳಿದವರು ಈ ಹೆಸರುಗಳನ್ನು ಬಿಟ್ಟುಹೋದರು, ಸರಿ. ಬಿಸಿಲನ್ನು ಅವರು ತಂದಿರಲಿಲ್ಲವಲ್ಲ!

ಇನ್ನೊಂದು ಸಂಗತಿ. ನಮ್ಮ ಗಡಿಯಾರ ನಡೆಯುವುದು ಪೂರ್ವ ರೇಖಾಂಶ 82.5 ಡಿಗ್ರಿಯ ಲೆಕ್ಕದಲ್ಲಿ. ಪಣಜಿ ಇರುವುದು 74ರ ಹತ್ತಿರ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12-35ಕ್ಕೆ. ಒಂದು ಗಂಟೆಗೆ ಬಾಗಿಲು ಹಾಕುವವನು ಗಡಿಯಾರಕ್ಕಿಂತ ಸೂರ್ಯನನ್ನೇ ಹೆಚ್ಚು ನಂಬಿದ್ದಾನೆ.

ನಮ್ಮ ಹಿರಿಯರು ಬೇರೆ ಏನು ಮಾಡುತ್ತಿದ್ದರು? ಧಾರವಾಡ, ಗದಗ, ಬಾಗಲಕೋಟೆ ಕಡೆ ಹೊಲವನ್ನು ಕೂರಿಗೆ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೂರಿಗೆ ಎಂದರೆ ಒಂದು ದಿನದಲ್ಲಿ ಕೂರಿಗೆ ಹೂಡಿ ಬಿತ್ತಬಹುದಾದಷ್ಟು ನೆಲ, ಸುಮಾರು ನಾಲ್ಕು ಎಕರೆ. ಭೂಮಿಯ ಅಳತೆಯೊಳಗೇ ಜೋಡೆತ್ತಿನ ಕಸುವು ಸೇರಿಕೊಂಡಿದೆ ನೋಡಿ. ನಸುಕಿನಲ್ಲಿ ಗಳೆ ಹೂಡಬೇಕು, ಬಿಸಿಲು ಏರಿದ ಮೇಲೆ ಕೊಳ್ಳು ಹರಿಯಬೇಕು. ಎತ್ತಿಗೆ ನೀರು, ಮೇವು. ಮನುಷ್ಯನಿಗೆ ರೊಟ್ಟಿ, ಬೇವಿನ ಮರದ ನೆರಳು. ಇಳಿಹೊತ್ತಿಗೆ ಮತ್ತೆ ಕೆಲಸ. ಎತ್ತು ಎಷ್ಟು ಗಂಟೆ ದುಡಿಯಿತೆಂದು ಯಾವ ರೈತನೂ ಎಣಿಸಲಿಲ್ಲ, ಅದರ ಏದುಸಿರು ನೋಡಿದ.

ಇದನ್ನೇ ಅಮೆರಿಕದಲ್ಲಿ ಗಡಿಯಾರ ಹಿಡಿದು ಕಂಡುಕೊಂಡೆನೆಂದವನು ಫ್ರೆಡರಿಕ್ ಟೇಲರ್. 1899ರಲ್ಲಿ ಬೆತ್ಲೆಹೆಮ್ ಸ್ಟೀಲ್ ಕಂಪನಿಯಲ್ಲಿ ಸುಮಾರು 42 ಕಿಲೋದ ಕಬ್ಬಿಣದ ಗಟ್ಟಿಗಳನ್ನು ಹೊರುವ ಕೂಲಿಯವರು ದಿನಕ್ಕೆ 12.5 ಟನ್ ಏರಿಸುತ್ತಿದ್ದರಂತೆ. ಹೊರು ಎಂದಾಗ ಹೊತ್ತು, ಕೂಡು ಎಂದಾಗ ಕೂತ ಒಬ್ಬನು 47.5 ಟನ್ ಏರಿಸಿದನಂತೆ. ದಿನದ ಶೇ. 57ರಷ್ಟು ಹೊತ್ತು ಮೈಮೇಲೆ ಭಾರ ಇರಬಾರದು ಎಂಬುದು ಟೇಲರ್ ತೆಗೆದ ಲೆಕ್ಕ. (ಕೂಲಿ ಏರಿದ್ದು ಮಾತ್ರ ಶೇ. 60! ಕೆಲಸವೋ ಸುಮಾರು ನಾಲ್ಕು ಪಟ್ಟು.) 1974ರಲ್ಲಿ ಇಬ್ಬರು ಸಂಶೋಧಕರು ಹಳೆಯ ದಾಖಲೆ ತೆಗೆದು, ಅವನು ಈ ಕಥೆಗೆ ಬಹಳ ಬಣ್ಣ ಹಚ್ಚಿದ್ದನೆಂದು ತೋರಿಸಿದರು. ಆದರೂ ದಣಿದ ಮೈಗೆ ವಿಶ್ರಾಂತಿಯೂ ಕೆಲಸದ ಭಾಗವೇ ಎಂಬ ಮಾತು ಸುಳ್ಳಾಗಲಿಲ್ಲ. ನಮ್ಮ 1948ರ ಕಾರ್ಖಾನೆ ಕಾಯಿದೆಯೂ ಐದು ಗಂಟೆಗಿಂತ ಹೆಚ್ಚು ಸತತ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದಿತ್ತು.

ಆದರೆ ಗೋವಾದ ಈ ನಿದ್ದೆ ಯಾರಿಗೆ ಸಿಕ್ಕಿತು? ಅಂಗಡಿಯವನಿಗೆ, ತೋಟದ ಯಜಮಾನನಿಗೆ. ಬಂದರು, ಗಣಿ, ಕಟ್ಟಡದ ಕೆಲಸಕ್ಕೆಂದು ವಾಸ್ಕೊ ಸುತ್ತ ನೆಲೆಸಿದ ನಮ್ಮ ಜನ, ಮುಚ್ಚಿದ ಅಂಗಡಿಗಳ ಮುಂದೆಯೇ ಬಿಸಿಲಲ್ಲಿ ಜಲ್ಲಿ ಹೊತ್ತರು. ಊರಲ್ಲಿ ಎತ್ತಿಗೆ ಕೊಟ್ಟಷ್ಟು ನೆರಳೂ ಅವರಿಗೆ ಸಿಗಲಿಲ್ಲ. ಗೋವಾದವರನ್ನು ಆಲಸಿ ಅನ್ನುವ ನಮ್ಮವರ ಮಾತಿನಲ್ಲಿ ಅರ್ಧ ಹೊಟ್ಟೆಕಿಚ್ಚು ಇದೆ, ಅದು ನ್ಯಾಯವಾದ ಹೊಟ್ಟೆಕಿಚ್ಚು.

ಇಲ್ಲಿಯ ಬಹಳಷ್ಟು ಶಾಲೆಗಳು ಬೆಳಿಗ್ಗೆ ಎಂಟರ ಸುಮಾರಿಗೆ ಶುರುವಾಗಿ ಒಂದೂವರೆಗೆ ಬಿಡುತ್ತವೆ. ಮಕ್ಕಳ ತಲೆ ಚುರುಕಾಗಿರುವ ಹೊತ್ತು ಪಾಠಕ್ಕೇ ಸಿಗುತ್ತದೆ, ಇದು ಒಳ್ಳೆಯ ಏರ್ಪಾಡು. ಪೋಷಕರ ಸಭೆಯಲ್ಲಿ ನಾವು ಮಗು ಎಷ್ಟು ಗಂಟೆ ಓದುತ್ತದೆ ಎಂದು ಕೇಳುವುದಿಲ್ಲ. ಯಾವಾಗ ಮಲಗುತ್ತದೆ, ಎಷ್ಟಕ್ಕೆ ಏಳುತ್ತದೆ ಎಂದು ಕೇಳುತ್ತೇವೆ. ಎಷ್ಟೋ ತಾಯಂದಿರ ಉತ್ತರ ಒಂದೇ: ನಳದಲ್ಲಿ ನೀರು ಬರುವುದು ನಸುಕಿನಲ್ಲಿ, ತಾವು ಕೆಲಸಕ್ಕೆ ಹೊರಡುವುದೂ ಆಗಲೇ, ಕೊಡ ಹಿಡಿದು ನಿಲ್ಲುವವಳು ಮಗಳು.