ಬ್ಲಡ್ ಬ್ಯಾಂಕ್ ಎಲ್ಲಿಡಬೇಕು? ಲಂಡನ್ 1939ರ ಲೆಕ್ಕ

ಬ್ಲಡ್ ಬ್ಯಾಂಕ್ ಅಂದ್ರೆ ದೊಡ್ಡಾಸ್ಪತ್ರೆ ಒಳಗೆ ಇರುವಂಥದ್ದು ಅಂತ ತಾನೇ ನಾವು ಅಂದ್ಕೊಂಡಿರೋದು? 1939ರಲ್ಲಿ ಲಂಡನ್ ವೈದ್ಯರು ಅದನ್ನ ಬೇಕಂತಲೇ ಊರಾಚೆ ಇಟ್ಟರು. ಯಾಕೆ ಅನ್ನೋದೇ ಇವತ್ತಿನ ಕಥೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ 👇

1️⃣ ಮೊದಲು ದಾನಿಯೇ ಓಡಬೇಕಿತ್ತು
1921ರಲ್ಲಿ ಪರ್ಸಿ ಲೇನ್ ಆಲಿವರ್ ಎಂಬವರು ಲಂಡನ್ನಿನಲ್ಲಿ ರೆಡ್ ಕ್ರಾಸ್ ಮೂಲಕ ದಾನಿಗಳ ಪಟ್ಟಿ ಶುರು ಮಾಡಿದರು. ಆಸ್ಪತ್ರೆಯಿಂದ ಕರೆ ಬಂದ್ರೆ ದಾನಿ ತಾನೇ ಅಲ್ಲಿಗೆ ಹೋಗಿ ರಕ್ತ ಕೊಟ್ಟು ಬರಬೇಕು. ಒಬ್ಬ ರೋಗಿ ಇದ್ದರೆ ಸರಿ. ಬಾಂಬ್ ಬಿದ್ದು ಒಂದೇ ರಾತ್ರಿ ನೂರಾರು ಜನ ಗಾಯಗೊಂಡರೆ? ಅಷ್ಟು ದಾನಿಗಳನ್ನ ಎಲ್ಲಿಂದ ಕರೆಸೋದು?

2️⃣ ಬಾರ್ಸಿಲೋನಾ ತೋರಿಸಿದ ದಾರಿ
1936ರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ. ದಾನಿಗಳು ನಗರದಲ್ಲಿ, ಗಾಯಾಳುಗಳು ದೂರದ ಯುದ್ಧರಂಗದಲ್ಲಿ. ಡಾ. ಫ್ರೆಡರಿಕ್ ಡುರಾನ್ ಜೋರ್ಡಾ ಬಾರ್ಸಿಲೋನಾದಲ್ಲಿ ರಕ್ತ ಸಂಗ್ರಹಿಸಿ, ಗಾಜಿನ ಪಾತ್ರೆಯಲ್ಲಿ ತುಂಬಿ, ತಂಪು ವಾಹನದಲ್ಲಿ ಅಲ್ಲಿಗೆ ಕಳಿಸಿದರು. ಅಂದ್ರೆ ದಾನಿ ಓಡೋದು ನಿಂತು, ರಕ್ತ ಓಡೋಕೆ ಶುರುವಾಯ್ತು. 1939ರ ಆರಂಭದಲ್ಲಿ ಬಾರ್ಸಿಲೋನಾ ಶತ್ರುಗಳ ಕೈಸೇರಿದಾಗ ಅವರು ಇಂಗ್ಲೆಂಡಿಗೆ ಬಂದರು. ಲಂಡನ್ನಿನ ವೈದ್ಯೆ ಜಾನೆಟ್ ವಾನ್ ಅವರ ಅನುಭವವನ್ನ ಚೆನ್ನಾಗಿ ಬಳಸ್ಕೊಂಡರು.

3️⃣ ನಾಲ್ಕೇ ಊರು ಯಾಕೆ?
ಲಂಡನ್ ಮಧ್ಯದಲ್ಲಿ ರಕ್ತ ಇಟ್ಟರೆ ಒಂದು ಬಾಂಬಿಗೆ ಎಲ್ಲಾ ಹೋಗುತ್ತೆ. ತುಂಬಾ ದೂರ ಇಟ್ಟರೆ ಗಾಯಾಳು ಕಾಯಲ್ಲ. ಹಾಗಾಗಿ ಸುತ್ತಲಿನ ನಾಲ್ಕು ಊರುಗಳಲ್ಲಿ ಕೇಂದ್ರ ಮಾಡಿದರು: ಲೂಟನ್, ಸ್ಲೌ, ಸಟನ್, ಮೇಡ್‌ಸ್ಟೋನ್. ಹತ್ತಿರದ ಸಟನ್ ಸುಮಾರು 17 ಕಿ.ಮೀ., ದೂರದ ಮೇಡ್‌ಸ್ಟೋನ್ ಸುಮಾರು 50 ಕಿ.ಮೀ. ಈಗ ಮ್ಯಾಪ್ ತೆಗೆದು ನೋಡಿ: ಎರಡು ಥೇಮ್ಸ್ ನದಿಯ ಉತ್ತರಕ್ಕೆ, ಎರಡು ದಕ್ಷಿಣಕ್ಕೆ. ಸೇತುವೆಗಳು ಮುರಿದು ಬಿದ್ರೂ ಎರಡೂ ದಡದಲ್ಲಿ ರಕ್ತ ಇರುತ್ತೆ!

4️⃣ ಇದ್ದದ್ದರಲ್ಲೇ ಕೆಲಸ
ಯುದ್ಧ ಶುರುವಾದ ಸೆಪ್ಟೆಂಬರಲ್ಲೇ ಸಂಗ್ರಹವೂ ಶುರು. ಬಾಟಲಿ ಹಾಲಿನ ಬಾಟಲಿಯ ಮಾದರಿಯದ್ದು. ಸಾಗಿಸೋಕೆ ಐಸ್‌ಕ್ರೀಂ ವ್ಯಾನ್‌ಗಳು, ಯಾಕಂದ್ರೆ ತಂಪಾಗಿಡೋ ವ್ಯವಸ್ಥೆ ಅದರಲ್ಲಿ ಮೊದಲೇ ಇತ್ತು. ವ್ಯಾನ್ ಓಡಿಸಿದವರಲ್ಲಿ ಹೆಂಗಸರೂ ಇದ್ದರು. 1940ರ ಸೆಪ್ಟೆಂಬರ್‌ನಿಂದ ಲಂಡನ್ ಮೇಲೆ ಬಾಂಬ್ ಸುರಿಯತೊಡಗಿದಾಗ ಇದೇ ವ್ಯಾನ್‌ಗಳು ಆಸ್ಪತ್ರೆಗಳಿಗೆ ರಕ್ತ ಮುಟ್ಟಿಸಿದವು.

5️⃣ ನಮಗೇನು?
ಲೆಕ್ಕ ಇವತ್ತಿಗೂ ಅದೇ: ದಾನಿ ಎಲ್ಲಿ, ರೋಗಿ ಎಲ್ಲಿ, ಮಧ್ಯೆ ಎಷ್ಟು ಹೊತ್ತು? ಈಗಿನ ಸಾಮಾನ್ಯ ಚೀಲದಲ್ಲಿ ರಕ್ತ ಫ್ರಿಜ್‌ನಲ್ಲಿ 35 ದಿನ ಇರುತ್ತೆ. ಪ್ಲೇಟ್‌ಲೆಟ್ ಆದ್ರೆ ಸುಮಾರು 5 ದಿನ ಅಷ್ಟೇ, ಅದನ್ನ ಫ್ರಿಜ್‌ನಲ್ಲೂ ಇಡಲ್ಲ. ಹೆರಿಗೆಯಲ್ಲಿ ರಕ್ತಸ್ರಾವ ಆಗ್ತಿರೋ ತಾಯಿಗೆ ಜಿಲ್ಲಾ ಕೇಂದ್ರದಿಂದ ರಕ್ತ ಬರೋವರೆಗೆ ಕಾಯೋಕಾಗಲ್ಲ. ಅದಕ್ಕೇ ಸಣ್ಣ ಆಸ್ಪತ್ರೆಗಳಲ್ಲಿ ರಕ್ತ ಶೇಖರಣಾ ಘಟಕ ಅಂತ ಇರುತ್ತೆ. ಅಲ್ಲಿ ರಕ್ತ ತೆಗೆಯಲ್ಲ. ದೊಡ್ಡ ಬ್ಲಡ್ ಬ್ಯಾಂಕಿಂದ ತಂದು ಇಟ್ಟಿರ್ತಾರೆ. ಕಾಲೇಜಿನ ಕ್ಯಾಂಪಲ್ಲಿ ನೀವು ಕೊಟ್ಟ ಒಂದು ಚೀಲ ಅಲ್ಲಿಗೂ ಹೋಗಿರಬಹುದು.

ನಿಮ್ಮೂರಿಗೆ ಹತ್ತಿರದ ಬ್ಲಡ್ ಬ್ಯಾಂಕ್ ಎಷ್ಟು ಕಿ.ಮೀ.? ಇವತ್ತೇ ವಿಚಾರಿಸಿ, ಕಾಮೆಂಟಲ್ಲಿ ಊರಿನ ಹೆಸರು ಜೊತೆ ಹಾಕಿ. ಬೇರೆಯವರಿಗೂ ಗೊತ್ತಾಗಲಿ.

#ಇತಿಹಾಸ #ರಕ್ತದಾನ #ಕನ್ನಡದಲ್ಲಿಓದಿ